ಹಿಮಚಂಪಾದ ಪಾತಿ

ಅಜ್ಜಂಪುರ
೧೮-೧-೨೦೨೫

ಮುದ್ದು ತ್ರಿವೇಣಿಗೆ ನಿನ್ನ ಅವ್ವನ ಆಶೀರ್ವಾದ.

ಸಂಕ್ರಾಂತಿಗೆ ಮೊದಲೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಆಯ್ತು ಬಿಡವ್ವ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ನಿನ್ನೆ ಅಳಿಯಂದಿರು ಶಿಮ್ಲಾದಿಂದ ಫೋನ್ ಮಾಡಿದ್ದರು. "ಅತ್ತೆ, ಹಿಮ ಬಿದ್ದಾಗೆಲ್ಲ ಕೋಲು ಹಿಡ್ಕೊಂಡು ಆ ಹಿಮಚಂಪಾ ಗಿಡದ ಹತ್ರ ಓಡ್ತಾಳೆ. ಪಾತೀಲಿ ನಿಂತ ನೀರು ಕಲ್ಲಾಗಿತ್ತು, ಜಾರಿ ಬಿದ್ಬಿಟ್ಲು. ನೀವೇ ಬುದ್ಧಿ ಹೇಳಿ" ಎಂದರು. ಏಳು ತಿಂಗಳ ಬಸುರಿ ನೀನು! ಡಾಕ್ಟರು ಏನೂ ಆಗಿಲ್ಲ ಎಂದರಂತೆ. ಆದರೂ ನನ್ನ ಹೆದರಿಕೆ ಹೋಗಿಲ್ಲ.

ಕಡೂರಿನ ತೆಂಗಿಗೆ ಮಾಡುವ ಹಾಗೆ ಅಲ್ಲೂ ಪಾತಿ ಕಟ್ಟಿ ನೀರು ನಿಲ್ಲಿಸಿದ್ದೀಯಲ್ಲ, ಯಾರೇ ಹೇಳಿಕೊಟ್ಟರು? ಅದು ನಮ್ಮ ಸಂಪಿಗೆಯ ದಾಯಾದಿಯೇ ಇರಬಹುದು, ಬೆಳೆಯುತ್ತಿರುವುದು ಹಿಮದ ಊರಿನಲ್ಲಿ. ತರೀಕೆರೆಯ ನರ್ಸರಿಗೆ ಹೋಗಿ ಲಕ್ಕಣ್ಣನನ್ನು ಕೇಳಿದೆ. "ಮೊದ್ಲು ಪಾತಿ ಒಡೀಲಿ ಕಣಕ್ಕ. ಬುಡಕ್ಕೆ ಒಣಗಿದೆಲೆ ದಪ್ಪಗೆ ಹಾಕಿ, ಗಾಳಿ ಬರೋ ಕಡೆ ಗೋಣಿ ಕಟ್ಲಿ. ವರ್ಷವೆಲ್ಲ ಎಲೆ ಇರೋ ಗಿಡ, ಹಿಮ ಅದರ ಮೇಲೇ ಕೂರುತ್ತೆ, ಮೆಲ್ಲಗೆ ಉದುರಿಸ್ಬೇಕು. ಎಲೆ ಕಂದು ಬಣ್ಣ ಆಯ್ತು ಅಂತ ಗಾಬ್ರಿ ಬೇಡ. ತೊಗಟೆ ಚೂರು ಕೆರೆದು ನೋಡ್ಲಿ, ಹಸ್ರಿದ್ರೆ ಜೀವ ಐತೆ" ಎಂದ. ಇದನ್ನೆಲ್ಲ ಅಳಿಯಂದಿರು ಮಾಡಲಿ. ನೀನು ಕಿಟಕಿಯಲ್ಲಿ ನಿಂತು ಎಷ್ಟು ಬೇಕಾದರೂ ಬೈಯುತ್ತಿರು.

ಪಕ್ಕದ ಮನೆಯ ಈರಕ್ಕ, "ಒಂದ್ ಗಿಡಕ್ಕೆ ಇಷ್ಟೊಂದು ರಾಮಾಯಣನಾ? ಹೋದ್ರೆ ಇನ್ನೊಂದ್ ನೆಟ್ರಾಯ್ತು ಕಣೇ" ಎಂದಳು. ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತೆ.

ಬಾಣಂತನಕ್ಕೆ ಕೊಬ್ಬರಿ, ಮೆಂತ್ಯ ಕಟ್ಟಿಟ್ಟಿದ್ದೇನೆ. ಮುಂದಿನ ವಾರವೇ ಹೊರಡುತ್ತೇನೆ. ದೇವರು ನಿನ್ನ ಮಡಿಲು ಕಾಯಲಿ.

ಇತಿ ನಿನ್ನ ಅವ್ವ,
ಹನುಮಂತಮ್ಮ

ತಾ.ಕ.: ಈರಕ್ಕನಿಗೆ ಏನೆಂದು ಹೇಳಲಿ? ನಿನ್ನ ಮೊದಲ ಕೂಸನ್ನು ಮಣ್ಣು ಮಾಡಿದ ಜಾಗದಲ್ಲಿ, ನಮ್ಮ ಮನೆಯ ಪದ್ಧತಿಯಂತೆ ನಾವಿಬ್ಬರೂ ಸೇರಿ ನೆಟ್ಟ ಗಿಡ ಅದು. ಒಣಗಿದರೆ ಮಗು ಇನ್ನೊಂದು ಸಲ ಹೋದಂತೆ ಎಂದು ನೀನು ಓಡುತ್ತೀಯ, ಗೊತ್ತು. ಆ ಹೆದರಿಕೆ ನನಗೂ ಇದೆ. ಆದರೆ ಆ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು, ತಾಯಿ ಉಳಿಯುವುದೂ ಅನುಮಾನ ಎಂದು ಹೇಳಿದ್ದರು. ನಿನಗೆ ಇಂದಿನವರೆಗೂ ತಿಳಿಸಿರಲಿಲ್ಲ. ನೀನು ನಿನ್ನ ಕೂಸಿಗಾಗಿ ಹಿಮಕ್ಕೆ ಇಳಿಯುತ್ತೀಯ. ನನ್ನ ಕೂಸು ನೀನು ಕಣೇ. ಒಳಗಿರು.