ಕಿನ್ನಿಗೋಳಿಯ ಮದುವೆ ರಾಗಕ್ಕೆ ಬವೇರಿಯಾದ ಹೆಸರು

ದೋಹಾದ ನಮ್ಮ ಹೋಟೆಲಿನ ಜರ್ಮನ್ ಬಿಯರ್ ಹಬ್ಬದಲ್ಲಿ ಯಾರು ಮುಂದೆ ನಿಲ್ಲಬೇಕು, ಯಾರು ಮರೆಯಲ್ಲಿರಬೇಕು ಎಂದು ತೀರ್ಮಾನಿಸುವ ಮಾನ್ಯ ವ್ಯವಸ್ಥಾಪಕರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ತಾವೇ ಕಂಡುಹಿಡಿದಂತೆ ಬೀಗುವುದು ಬೇಡ. ಮೈಸೂರಿನವರಾದ ತಮಗೆ ಕನ್ನಡ ಬರುತ್ತದೆಂಬ ಧೈರ್ಯದಿಂದ ಎಲ್ಲರೂ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಒಂಬತ್ತು ವರ್ಷಗಳಿಂದ ಈ ಹಬ್ಬದಲ್ಲಿ ಚರ್ಮದ ಚಡ್ಡಿ ತೊಟ್ಟು, ಗರಿ ಸಿಕ್ಕಿಸಿದ ಟೋಪಿ ಇಟ್ಟು, ಟ್ರಂಪೆಟ್ ಊದಿ ಜರ್ಮನರನ್ನೇ ಕುಣಿಸಿದ್ದೇನೆ. ಈ ವರ್ಷ ವಿಶ್ವಕಪ್ ನೋಡಬರುವ ಜಗತ್ತಿನ ಕಣ್ಣಿಗೆ ಬೀಳಬೇಕೆಂದು ತಾವು ರೀಲ್ಸ್ ತಾರೆಯೊಬ್ಬಳನ್ನು ಕರೆಸಿದಿರಿ. ಫಳಫಳ ಹೊಳೆಯುವ ಟ್ರಂಪೆಟ್ ಹಿಡಿದು ನಟಿಸಲು ಅವಳು ಮುಂದೆ, ನಿಜವಾಗಿ ಊದಲು ನಾನು ಪೀಪಾಯಿಗಳ ಹಿಂದೆ! "ಅವ್ರಿಗೆ ಹತ್ತೊಂಬತ್ತು ಲಕ್ಷ ಫಾಲೋವರ್ಸ್ ಇದಾರೆ ರೀ, ನಿಮಗೆಷ್ಟು?" ಎಂದಿರಿ. ನನಗೆ ಹೆಂಡತಿಯನ್ನೂ ಸೇರಿಸಿ ನಲವತ್ತೊಂದು. ತೆಪ್ಪಗೆ ಹಿಂದೆ ಹೋದೆ.

ಕಳೆದ ಗುರುವಾರ ಅವಳು ಒಂದೇ ಭಂಗಿಯನ್ನು ಏಳು ಸಲ ಚಿತ್ರಿಸಿಕೊಂಡಳು. ಒಂದೇ ಜರ್ಮನ್ ಹಾಡನ್ನು ಏಳನೆಯ ಸಲ ಊದುವಾಗ ನನ್ನ ಬೆರಳು ತಪ್ಪಿ ಬೇರೆಯೇ ರಾಗಕ್ಕೆ ಇಳಿಯಿತು. ಮದುಮಗಳು ಇಗರ್ಜಿಯ ಮೆಟ್ಟಿಲಿಳಿಯುವಾಗ ಊದಲೆಂದು, ನಮ್ಮೂರು ಕಿನ್ನಿಗೋಳಿಯಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದ ನನ್ನ ಅಪ್ಪ ಕಟ್ಟಿದ ರಾಗ ಅದು. ಜನ ಬೆಂಚು ಹತ್ತಿ ಕುಣಿದರು. ಮರುದಿನ ಆ ರೀಲ್ ಊರೂರು ಸುತ್ತಿತು. ಕೆಳಗೆ ತಮ್ಮದೇ ಒಕ್ಕಣೆ: ಜರ್ಮನಿಯ ಬವೇರಿಯಾದ ಪ್ರಾಚೀನ ಜಾನಪದ ರಾಗ, ನುಡಿಸಿದವರು ಆ ತಾರೆ!

ಇಲ್ಲಿನ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನಮ್ಮೂರಿನ ಮೊಯ್ದಿನ್ ಕುಂಞಿ ಅದನ್ನು ಕೇಳಿದ್ದೇ, "ಇದು ನಿಮ್ಮ ಅಪ್ಪನ ಬ್ಯಾಂಡಿನದ್ದಲ್ವಾ ಮಾರಾಯ್ರೆ? ಇವಳಿಗೆ ಎಲ್ಲಿಂದ ಸಿಕ್ಕಿತು?" ಎಂದರು. ಬಿಯರಿನ ವಾಸನೆಯನ್ನೂ ಕಾಣದ ಮನುಷ್ಯನಿಗೆ ಗೊತ್ತಾಯಿತು. ನಾನು ತಮ್ಮ ಬಳಿ ಬಂದು ಹೇಳಿದರೆ, "ಖಲಾಸ್, ಬಿಡಿ ರೆಮಿ. ಟ್ಯೂನ್ ಯಾರ್ದಾದ್ರೇನು?" ಎಂದಿರಿ. ಯಾರದ್ದಾದರೂ ಆಗಬಹುದೆಂದ ಮೇಲೆ ನನ್ನ ಅಪ್ಪನದ್ದೇ ಆಗಲು ತಮಗೇನು ಕಷ್ಟ?

ಆ ರೀಲನ್ನು ಮೂವತ್ತು ಸಲವಾದರೂ ನೋಡಿದ್ದೇನೆ. "ಎಂಥ ಉಸಿರು!" ಎಂದು ಯಾರೋ ಅವಳನ್ನು ಹೊಗಳಿದ್ದಾರೆ. ಅವಳ ಕೆನ್ನೆ ಉಬ್ಬಿಯೂ ಇಲ್ಲ, ಸ್ವಾಮಿ. ಆ ಹೊಗಳಿಕೆ ನನಗೆ ಬೇಕಿತ್ತು. ನನಗಿಂತ ಹೆಚ್ಚಾಗಿ, ತೀರಿಹೋದ ಅಪ್ಪನಿಗೆ ಸಲ್ಲಬೇಕಿತ್ತು. ಅವರು ಸ್ವಂತದ್ದೆಂದು ಬಿಟ್ಟುಹೋದದ್ದು ಅದೊಂದೇ ರಾಗ.

ಆದ್ದರಿಂದ ಹಬ್ಬದ ಕೊನೆಯ ದಿನವಾದ ಬರುವ ಶುಕ್ರವಾರ ಆ ರಾಗವನ್ನು ನಾನು ಮುಂದೆ ನಿಂತು ನುಡಿಸಬೇಕು. ಅದು ಕಿನ್ನಿಗೋಳಿಯ ಎಡ್ವರ್ಡ್ ಮಾಸ್ಟರರದ್ದೆಂದು ತಾವು ಮೈಕಿನಲ್ಲಿ ಹೇಳಬೇಕು, ರೀಲಿನ ಕೆಳಗೂ ಬರೆಯಬೇಕು. ಆಗದಿದ್ದರೆ ಬೇಡ. ಅವಳೇ ಟ್ರಂಪೆಟ್ ತುಟಿಗಿಡಲಿ, ಹತ್ತೊಂಬತ್ತು ಲಕ್ಷ ಜನವೂ ನೋಡಲಿ. ನಾನು ಮಾತ್ರ ಊದುವುದಿಲ್ಲ.

ಇಂತಿ,
ಶನಿವಾರವೂ ಕೆಲಸ ಉಳಿದಿದ್ದರೆ ತಮ್ಮವನೇ ಆದ,
ರೆಮಿಜಿಯಸ್