ರಾಶಿಯಲ್ಲಿ ಸಿಕ್ಕ ಕೋಟು

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಏಳಕ್ಕೇ ಸಿದ್ದುವಿನ ರಾಶಿಯ ಮುಂದೆ ಹಾಜರ್. ನಂಜನಗೂಡಿಗೆ ಜನ ದೇವರ ದರ್ಶನಕ್ಕೆ ಬರುತ್ತಾರೆ. ನಾನು ಬಸ್ ಸ್ಟ್ಯಾಂಡ್ ಹಿಂದಿನ ಹಳೆ ಬಟ್ಟೆ ರಾಶಿಗೆ. ಸಿದ್ದು ಮೂಟೆ ಬಿಚ್ಚಿ ಟಾರ್ಪಾಲಿನ ಮೇಲೆ ಸುರಿದ ಅರ್ಧ ಗಂಟೆಯಲ್ಲಿ ಒಳ್ಳೆಯದೆಲ್ಲ ಖಾಲಿ. ಇವತ್ತು ಬಿಳಿ ಕುರ್ತಾ ಸಿಕ್ಕಿತು. ಅಪ್ಪಟ ಕಾಟನ್. ಒಂದು ಗುಂಡಿ ಇಲ್ಲ, ಅಷ್ಟೇ. ತಾಂಡ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದಿನವಿಡೀ ಶರ್ಟು ಚೆಕ್ ಮಾಡುವವಳು ನಾನು. ಹೊಲಿಗೆ ನೋಡಿದರೆ ಬಟ್ಟೆಯ ಜಾತಕವೇ ಗೊತ್ತಾಗುತ್ತದೆ.

ನಾಳೆ ಅಂಬೇಡ್ಕರ್ ಜಯಂತಿ. ನರಸೀಪುರಕ್ಕೆ, ಮನೆಗೆ. ಅಪ್ಪನ ಕಾನೂನು — ಜಯಂತಿಗೆ ಬಿಳಿ ಬಟ್ಟೆ, ಹೊಸ ಬಟ್ಟೆ. ಕುರ್ತಾ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ದೊಡ್ಡ ಅಂಗಡಿಯ ಕವರಿನಲ್ಲಿಟ್ಟೆ. ರೂಮಿನ ಪವಿತ್ರ ಬಿದ್ದು ಬಿದ್ದು ನಕ್ಕಳು. "ನಿಮ್ಮಪ್ಪಂಗೆ ಗೊತ್ತಾದ್ರೆ ನಿನ್ ಕತೆ ಮುಗೀತು ಕಣೇ ನಯನ."

ಏಪ್ರಿಲ್ 14

ಮೆರವಣಿಗೆ ಮುಗಿಸಿ ಬಂದೆವು. ಕಾಲು ಬಿದ್ದುಹೋಗಿವೆ. ಅಪ್ಪ ನನ್ನ ಕುರ್ತಾ ನೋಡಿ — "ಬಟ್ಟೆ ಅಂದ್ರೆ ಇಂಗಿರ್ಬೇಕು ಕಣವ್ವ. ಒಸಾ ಬಟ್ಟೆ ಕಳೇನೇ ಬ್ಯಾರೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಹಾಕಿದ ಗುಂಡಿ ಮುಟ್ಟಿ ನೋಡಿಕೊಂಡೆ.

ಅಪ್ಪ ಎಂದಿನಂತೆ ತನ್ನ ಎರಡು ಹಳೆ ಶರ್ಟು ಹರಿದ. ಗುಂಡಿ ಕಿತ್ತು ಡಬ್ಬಿಗೆ ಹಾಕಿ, ಬಟ್ಟೆ ನಾಲ್ಕು ತುಂಡು ಮಾಡಿ ಅವ್ವನಿಗೆ ಒಲೆ ಒರೆಸಲು ಕೊಟ್ಟ. ಕಾಲರ್ ಕೂಡ ಸವೆದಿರಲಿಲ್ಲ! ಒಂದು ಶರ್ಟಿಗೆ ಸಾವಿರಾರು ಲೀಟರ್ ನೀರು ಬೇಕು, ಭೂಮಿ ಹಾಳಾಗುತ್ತಿದೆ, ಹರಿಯುವ ಬದಲು ಯಾರಿಗಾದರೂ ಕೊಡಬಾರದಾ — ಇನ್‌ಸ್ಟಾದಲ್ಲಿ ಹಾಕುವ ಭಾಷಣವನ್ನೆಲ್ಲ ಬಿಗಿದೆ. "ನಾನ್ ಆಕ್ಬುಟ್ಟಿದ್ದ ಇನ್ನೊಬ್ರು ಯಾಕ್ ಆಕ್ಕೋಬೇಕು?" ಅಂದ. ಅಷ್ಟೇ. ಹಟಮಾರಿ.

ಮೇ 31ಕ್ಕೆ ಅಪ್ಪ ರಿಟೈರ್. ಮೂವತ್ತನಾಲ್ಕು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಬಾಬಾಸಾಹೇಬರ ಫೋಟೋದ ಹಾರ ಸರಿಮಾಡುತ್ತ, "ಬೀಳ್ಕೊಡ್ಗೆ ದಿನ ನಂಗೂ ಒಂದ್ ನೀಲಿ ಕೋಟಿದ್ದಿದ್ರೆ..." ಅಂದ. ಅವ್ವ ಒಳಗಿನಿಂದಲೇ, "ಈ ಸೆಕೇಲಿ ಕೋಟಾ? ಬೆಂದೋಗ್ಬುಟ್ಟೀಯ!"

ಏಪ್ರಿಲ್ 27, ಭಾನುವಾರ

ಸಿಕ್ಕಿತು!! ನೀಲಿ ಕೋಟು. ಪೂರ್ತಿ ಲೈನಿಂಗ್, ಒಳಗೆ ಎರಡು ಜೇಬು, ಹೊಲಿಗೆ ಎಂದರೆ ಹೊಲಿಗೆ. ಒಬ್ಬ ಕಾಲೇಜು ಹುಡುಗ ಇನ್ನೊಂದು ತೋಳು ಹಿಡಿದು ಎಳೆಯುತ್ತಿದ್ದ. ಬಿಡಲಿಲ್ಲ. ಸಿದ್ದು, "ಅಕ್ಕೋ, ಪೂರಾ ಫಾರಿನ್ ಮಾಲು" ಎಂದು ರೇಟು ಏರಿಸಿದ. ಲೈನಿಂಗಿನಲ್ಲಿ ಇಲ್ಲದ ತೂತು ಹುಡುಕಿ ಇಳಿಸಿದೆ.

ಇಂಥದ್ದು ಹೊಸದಾಗಿ ಹೊಲಿಸಿದರೆ ನನ್ನ ಒಂದು ತಿಂಗಳ ಸಂಬಳ. ಅಪ್ಪನಿಗೆ ಹೇಳುವುದಿಲ್ಲ. ಹೇಳಿ ಏನಾಗಬೇಕು?

ಮೇ 4

ತೋಳು ಎರಡು ಇಂಚು ಕಡಿಮೆ ಮಾಡಿದೆ. ಬೆರಳಿಗೆ ಮೂರು ಸಲ ಸೂಜಿ. ಡ್ರೈ ಕ್ಲೀನಿಂಗಿಗೆ ಕೊಟ್ಟಾಯಿತು.

ಮೇ 12, ಬುದ್ಧ ಪೂರ್ಣಿಮೆ

ಬೆಳಿಗ್ಗೆ ವಂದನೆ ಮುಗಿದ ಮೇಲೆ ಕೊಟ್ಟೆ. ಅಪ್ಪ ಎರಡು ನಿಮಿಷ ಕೈಯಲ್ಲೇ ಹಿಡಿದು ನಿಂತ. ಹಾಕಿಕೊಂಡ. ಭುಜಕ್ಕೆ ಅಳತೆ ತೆಗೆದ ಹಾಗೆ ಕೂತಿತು. "ಎಲ್ ಒಲಿಸ್ದವ್ವಾ?" "ಮೈಸೂರು... ಶೋರೂಮಲ್ಲಿ." ಬೀದಿಯವರನ್ನೆಲ್ಲ ಕರೆದ. ಮೇ ತಿಂಗಳ ಬಿಸಿಲು, ಮೈಯೆಲ್ಲ ಬೆವರು, ಮುಖ ಮಾತ್ರ ಊರಗಲ. ನನಗೆ ಹಾರಿ ಕುಣಿಯುವಷ್ಟು ಖುಷಿ.

ಮಧ್ಯಾಹ್ನ ಅವ್ವ ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅದ್ರ ಮೊಣಕೈ ತಾವು ಸವ್ದದೆ. ಯಾರ್ ಆಕ್ಬುಟ್ಟಿದ್ದು ಅದು?" ಕಣ್ಣಲ್ಲ, ಭೂತಗನ್ನಡಿ. ಒಪ್ಪಿಕೊಂಡೆ. ಅವ್ವ ಬಯ್ಯಲಿಲ್ಲ. ಈರುಳ್ಳಿ ಹೆಚ್ಚುತ್ತ ಹೇಳಿದಳು —

"ನಿಮ್ಮಪ್ಪ ಏಳ್ನೇ ಕ್ಲಾಸಲ್ಲಿದ್ದಾಗ, ಪಟೇಲ್ರ ಮನೇಲಿ ಕೊಟ್ಗೆ ಗುಡಿಸುದ್ಕೆ ಒಂದ್ ಅಳೇ ಸಲ್ಟು ಕೊಟ್ಟಿದ್ರಂತೆ. ಅದಾಕ್ಕೊಂಡು ಇಸ್ಕೂಲ್ಗೋದ್ರೆ, ಪಟೇಲ್ರ ಮಗ ಎಲ್ರ ಮುಂದೆ 'ಅದು ನಂದು, ಬಿಚ್ಚೋ' ಅಂದ್ನಂತೆ. ಬಿಚ್ಚಿಸ್ಬುಟ್ಟ. ಸಂಜೆಗಂಟ ಬರೀ ಮೈಲಿ ಕೂತಿದ್ನಂತೆ. ಮದ್ವೆಯಾದ್ ಒಸದ್ರಲ್ಲಿ ಒಂದೇ ಕಿತ ಯೋಳುದ್ದು. ಆಮೇಲೆ ಬಾಯೇ ಬುಟ್ಟಿಲ್ಲ."

ಶರ್ಟು ಯಾಕೆ ಹರಿಯುತ್ತಾನೆ ಎಂದು ಇಪ್ಪತ್ತಾರು ವರ್ಷಕ್ಕೆ ಗೊತ್ತಾಯಿತು. ಆ ಮನುಷ್ಯನಿಗೆ ನಾನು ನೀರಿನ ಲೀಟರ್ ಲೆಕ್ಕ ಹೇಳಿದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಮೇ 14

ಬಿಸಿ ತುಪ್ಪ. ಉಗುಳಲೂ ಆಗದು, ನುಂಗಲೂ ಆಗದು. ಪವಿತ್ರ, "ಸುಮ್ನಿರು, ಯಾರಿಗ್ ಗೊತ್ತಾಗತ್ತೆ" ಅನ್ನುತ್ತಾಳೆ. ನನಗೆ ಗೊತ್ತಲ್ಲ. ಆಫೀಸಿನಲ್ಲಿ ಯಾರಾದರೂ ಮೊಣಕೈ ನೋಡಿ ಅಪ್ಪನನ್ನು ಎಲ್ಲರ ಮುಂದೆ ಕೇಳಿಬಿಟ್ಟರೆ? ಮತ್ತೊಂದು ಸಲ?

ಮೇ 18, ಭಾನುವಾರ

ಹೇಳಿದೆ.

ಅಪ್ಪ ಕೋಟು ಹಾಕಿಕೊಂಡು ಕನ್ನಡಿ ಮುಂದೆ ಭಾಷಣ ಓದುತ್ತಿದ್ದ. ಇದು ಶೋರೂಮಿನದಲ್ಲ, ರಾಶಿಯದು ಎಂದೆ. ತಿರುಗಿ ನೋಡಿದ. "ಯಾರ್ದು?"

"ಗೊತ್ತಿಲ್ಲಪ್ಪ. ಯಾವ ದೇಶದ್ದೋ."

"ಯಾರ್ದು ಅಂತ್ಲೇ ಗೊತ್ತಿಲ್ವಾ?"

ಒಂದೊಂದೇ ಗುಂಡಿ ಬಿಚ್ಚಿದ. ಕುರ್ಚಿಯ ಬೆನ್ನಿಗೆ ಹಾಕಿದ. ಊಟ ಮಾಡಿದ, ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಬಿಡಲು ಬಂದ, ಮಾತಾಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಕಂಡಕ್ಟರ್ ಆಧಾರ್ ಕೇಳದೆ ಫ್ರೀ ಟಿಕೆಟ್ ಕೊಟ್ಟ.

ಮೇ 24

ಆರು ದಿನ ಅಪ್ಪನ ಫೋನಿಲ್ಲ. ಇವತ್ತು ಊಟದ ಬ್ರೇಕಿನಲ್ಲಿ ಬಂತು. "ನಾಳೆ ಬತ್ತೀನಿ. ಆ ಬಟ್ಟೆ ರಾಶಿ ತೋರ್ಸು." ಕಟ್.

ಯಾಕೆ? ವಾಪಸ್ ಕೊಡಲಿಕ್ಕಾ? ಸಿದ್ದು ವಾಪಸ್ ತಗೊಳ್ಳುವ ಪೈಕಿಯಲ್ಲ.

ಮೇ 25, ಭಾನುವಾರ

ಮೊದಲ ಬಸ್ಸಿಗೇ ಬಂದಿಳಿದ. ಬಿಳಿ ಶರ್ಟು, ಕೈಯಲ್ಲಿ ಕೋಟಿನ ಕವರು. ರಾಶಿಯಿಂದ ಮಾರು ದೂರ, ಕೈ ಹಿಂದೆ ಕಟ್ಟಿ ನಿಂತ. ಕಾರಿನಲ್ಲಿ ಬಂದ ಇಬ್ಬರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಶಿಗೆ ಇಳಿದಿದ್ದರು. ಒಂದೇ ಜೀನ್ಸಿಗೆ ಇಬ್ಬರದೂ ಕೈ. ಅಪ್ಪ ಅವರನ್ನೇ ನೋಡಿದ. ಅವರ ಕಾರು ನೋಡಿದ. ಮತ್ತೆ ಅವರನ್ನು ನೋಡಿದ.

"ಬನ್ನಿ ಸಾ, ನಿಮ್ ಸೈಜೂ ಅದೆ!" ಸಿದ್ದು ಕೂಗಿದ.

ಅಪ್ಪ ಹತ್ತಿರ ಹೋದ. "ಇವೆಲ್ಲ ಯಾರ್ವಪ್ಪ?"

"ಯಾರ್ವೂ ಅಲ್ಲ ಸಾ. ಕಾಸ್ ಕೊಟ್ಟೋರ್ವು."

ಅಪ್ಪ ಒಂದು ಶರ್ಟಿನ ಕಾಲರ್ ಮುಟ್ಟಿ ನೋಡಿದ. ನನ್ನ ಕಡೆ ತಿರುಗಿ, "ಚೌಕಾಸಿ ಮಾಡಿದ್ಯಾ?" ಅಂದ. "ಅಳಿಸಿಬಿಟ್ರು ಸಾ ನಿಮ್ ಮಗ್ಳು!" ಉತ್ತರ ಸಿದ್ದುವಿನದು. ಅಪ್ಪ ನಕ್ಕ. ಹಲ್ಲು ಕಾಣುವಂತೆ ನಕ್ಕ.

ಆಮೇಲೆ ತಾನೇ ಕೂತು ರಾಶಿ ಕೆದಕಿ, ಅವ್ವನಿಗೆ ಕೆಂಪು ಸ್ವೆಟರ್ ಆರಿಸಿ, ಕಾಲು ಗಂಟೆ ಚೌಕಾಸಿ ಮಾಡಿದ. ಮೇ ತಿಂಗಳಲ್ಲಿ. ಸ್ವೆಟರ್. ಸಿದ್ದು ಕೊನೆಗೆ ಕೈಮುಗಿದ. ಅಪ್ಪ ಕೋಟಿನ ಕವರು ಹಿಡಿದುಕೊಂಡೇ ಬಸ್ಸು ಹತ್ತಿದ. ಹಾಕಿಕೊಳ್ಳುತ್ತಾನೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೇ 31, ಶನಿವಾರ, ಸಂಜೆ 6

ಹಾಕಿಕೊಂಡ.

ಕಚೇರಿಯ ಹಾಲ್ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಾತಾಡಿದವರೆಲ್ಲ "ಮಾದಯ್ಯೋರು ಇವತ್ತು ಥೇಟ್ ಆಫೀಸರು" ಅಂದದ್ದೇ ಅಂದದ್ದು. ನಾನು ಅಪ್ಪನ ಮೊಣಕೈಯನ್ನೇ ನೋಡುತ್ತ ಕೂತಿದ್ದೆ. ಅಪ್ಪನ ಸರದಿ ಬಂತು. ಬರೆದ ಹಾಳೆ ತೆಗೆದ, ಮಡಿಸಿ ಜೇಬಿಗಿಟ್ಟ.

"ಎಲ್ರೂ ಕೋಟು ಚೆಂದಾಗದೆ ಅಂತಿದ್ದೀರಿ. ಇದು ಸೆಕೆಂಡ್ ಹ್ಯಾಂಡು. ನನ್ ಮಗ್ಳು ನಂಜನಗೂಡಲ್ಲಿ ರಾಶೀಲಿ ಆಯ್ದು ತಂದ್ಳು."

ಅವ್ವ ನನ್ನ ಕೈ ಹಿಡಿದಳು.

"ನಾನ್ ಏಳ್ನೇ ಕ್ಲಾಸಲ್ಲಿ ಇನ್ನೊಬ್ರ ಸಲ್ಟ್ ಆಕ್ಕೊಂಡೋಗಿದ್ದೆ. ಎಲ್ರ ಮುಂದೆ ಬಿಚ್ಚಿಸಿದ್ರು. ಈ ಕೋಟ ಯಾರೂ ಬಿಚ್ಚಿಸಂಗಿಲ್ಲ. ಸೆಕೆ ಆದ್ರೆ ನಾನೇ ಬಿಚ್ತೀನಿ."

ಮೊದಲು ನಕ್ಕಿದ್ದು ಅಪ್ಪನೇ. ಆಮೇಲೆ ಚಪ್ಪಾಳೆ... ನಿಲ್ಲಲೇ ಇಲ್ಲ. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಎರಡೂ ಇರಬೇಕು.

ಮನೆಗೆ ಬಂದು ಒಂದು ಗಂಟೆಯಾಯಿತು. ಅಪ್ಪ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾನೆ. ಇನ್ನೂ ಬಿಚ್ಚಿಲ್ಲ. ಅವ್ವ ಬಯ್ದು ಬಯ್ದು ಸುಸ್ತು. ಕಚೇರಿಯ ಮೂವರು ಬಾಗಿಲಲ್ಲಿ ಬಂದು ನಿಂತಿದ್ದಾರೆ, ರಾಶಿ ಎಲ್ಲಿ, ಯಾವ ವಾರ ಎಂದು ಕೇಳಲು. ಅಪ್ಪ ಕೂಗುತ್ತಿದ್ದಾನೆ — "ನಯ್ನಾ, ಆ ಬಟ್ಟೆ ಮೂಟೆ ಎಷ್ಟ್ ಗಂಟೆಗ್ ಬಿಚ್ತಾರೆ ಬಂದ್ ಯೋಳವ್ವ, ಮುಂದಿನ್ ವಾರ ನಾವ್ ನಾಲ್ಕೂ ಜನ—"

ಬಂದೆ, ಬಂದೆ...