ಪಾಲಣ್ಣನ ಪೆಟ್ಟಿಗೆ

ದಿವಾಳಿ ಎದ್ದ ಕಂಪನಿಗಳ ಆಸ್ತಿಗೆ ಕಾವಲು ಕೂತಿರುವ ಲಿಕ್ವಿಡೇಟರ್ ಸಾಹೇಬರೇ,

ಕೊಟ್ಟೂರಿನ ಎಣ್ಣೆ ಮಿಲ್ಲಿಗೆ ೧೯೯೯ರ ದಸರೆಯಲ್ಲಿ ತಾವು ಬೀಗಮುದ್ರೆ ಹಾಕಿ ನಾಲ್ಕು ವರ್ಷವಾಯಿತು. ಮಿಲ್ಲು ಮುಳುಗಿದ್ದಕ್ಕೆ ನನ್ನ ತಕರಾರಿಲ್ಲ. ಮುಳುಗಿಸಿದವರು ಈಗಲೂ ಕಾರಿನಲ್ಲಿ ಓಡಾಡುತ್ತಿದ್ದಾರೆ, ಅದಕ್ಕೂ ಕಾನೂನಿನಲ್ಲಿ ಜಾಗವಿದೆ. ನನ್ನ ತಕರಾರು ಒಳಗೆ ಸಿಕ್ಕಿಬಿದ್ದ ಒಂದು ಕಬ್ಬಿಣದ ಪೆಟ್ಟಿಗೆಯದು. ಅದು ಕಂಪನಿಯದಲ್ಲ, ನನ್ನ ಕಕ್ಷಿದಾರ ಫಿಟ್ಟರ್ ಪಾಲಣ್ಣನದು.

ಆಯುಧಪೂಜೆಗೆ ಇಲ್ಲಿನ ಕೆಲಸಗಾರರು ನಟ್ಟು ಬಿಚ್ಚುವ ತಮ್ಮ ಸ್ವಂತ ಪಾನಾ, ಸುತ್ತಿಗೆಗಳನ್ನು ಯಂತ್ರದ ಮುಂದಿಟ್ಟು ಪೂಜೆ ಮಾಡಿ ಅಲ್ಲೇ ಬಿಟ್ಟು ಹೋಗುತ್ತಾರೆ. ಬನ್ನಿ ಹಂಚುವವರೆಗೆ ಮುಟ್ಟುವಂತಿಲ್ಲ. ಪಾಲಣ್ಣನೂ ತನ್ನ ಪಾನಾಗಳಿದ್ದ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಬಂದ. ದಸರೆಯ ಮರುದಿನ ಬೆಳಿಗ್ಗೆ ಎಂಟಕ್ಕೆ ಹೋದರೆ ಬಾಗಿಲಿಗೆ ಅರಗಿನ ಮುದ್ರೆ. ತಮ್ಮವರು ಏಳಕ್ಕೇ ಬಂದಿದ್ದರಂತೆ. ನನ್ನ ಮೂವತ್ತು ವರ್ಷದ ವಕೀಲಿಯಲ್ಲಿ ಸರ್ಕಾರಿ ನೌಕರರು ಹಬ್ಬದ ಮರುದಿನ ಏಳಕ್ಕೆ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಆ ಚುರುಕು ಅಲ್ಲಿಗೇ ಮುಗಿಯಿತು.

ಕೂಡ್ಲಿಗಿ ಕೋರ್ಟಿನಲ್ಲಿ ಬದುವಿನ ಜಗಳ, ಪಾಲಿನ ದಾವೆ ನಡೆಸಿಕೊಂಡಿದ್ದ ನಾನು ಈ ಪೆಟ್ಟಿಗೆಗಾಗಿ ಕಂಪನಿ ಕಾನೂನಿನ ದಪ್ಪ ಪುಸ್ತಕ ಕೊಂಡೆ. ಹನ್ನೊಂದು ಅರ್ಜಿ ಬರೆದೆ. ಹನ್ನೊಂದನೆಯದಕ್ಕೆ ತಮ್ಮ ಕಚೇರಿ ಕೃಪೆ ತೋರಿತು: "ಮಾಲೀಕತ್ವ ಸಾಬೀತಿಗೆ ಖರೀದಿ ರಸೀದಿ ಹಾಜರುಪಡಿಸತಕ್ಕದ್ದು."

ಪಾಲಣ್ಣನನ್ನು ಕೇಳಿದೆ. "ರಸೀದಿ ಐತ್ರಿ ವಕೀಲರ. ಕಳೀಬಾರ್ದು ಅಂತ ಪೆಟ್ಟಿಗಿ ಮುಚ್ಚಳದ ಒಳಗ ಅಂಟಿಸೀನಿ" ಎಂದ.

ಅದನ್ನೂ ಬರೆದು ತಿಳಿಸಿದೆ. ಮೊದಲು ರಸೀದಿ ತನ್ನಿ, ಆಮೇಲೆ ಪೆಟ್ಟಿಗೆ ತೆರೆಯೋಣ ಎಂದಿರಿ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಕಚೇರಿಯ ನಿಯಮವಾಗಿ ಜಾರಿಗೆ ತಂದವರು ತಾವೇ ಮೊದಲಿಗರಿರಬೇಕು. ತಮ್ಮದೇ ಆಸ್ತಿಪಟ್ಟಿಯಲ್ಲಿ ನೂರಾ ಹನ್ನೆರಡನೇ ಸಾಲು ನೋಡಿ: "ಹಳೇ ಪೆಟ್ಟಿಗೆ ಒಂದು, ಕುಂಕುಮ ಹಚ್ಚಿದ್ದು, ಮೇಲೆ ಪಾಲಣ್ಣ ಎಂದು ಬರೆದಿದ್ದು." ಕಂಪನಿಯ ಐವರು ನಿರ್ದೇಶಕರಲ್ಲಿ ಪಾಲಣ್ಣ ಎಂಬವರು ಯಾರೂ ಇಲ್ಲ, ವಿಚಾರಿಸಿದ್ದೇನೆ.

ಈಗ ಯಂತ್ರಗಳೆಲ್ಲ ಆ ಪೆಟ್ಟಿಗೆಯ ಸಮೇತ ಗುಜರಿಯವರಿಗೆ ಹರಾಜಾಗಿವೆ. ಸೋಮವಾರ ಬಾಗಿಲು ತೆರೆದು ತೂಕಕ್ಕೆ ಹಾಕುತ್ತಾರೆ. ಆ ಯಂತ್ರ ಬಿಚ್ಚಲು ಬರುವುದು ಪಾಲಣ್ಣನೊಬ್ಬನಿಗೇ ಆದ್ದರಿಂದ ಗುಜರಿಯವರು ಅವನನ್ನೇ ಕೂಲಿಗೆ ಕರೆದಿದ್ದಾರೆ. ನಾಲ್ಕು ವರ್ಷ ಕಂಡವರ ಪಾನಾ ಎರವಲು ಪಡೆದು ಸೈಕಲ್ ರಿಪೇರಿ ಮಾಡಿದವನಿಗೆ ಇದೇ ಮೊದಲ ಸರಿಯಾದ ಕೆಲಸ. ಷರತ್ತು ಒಂದೇ, ಪಾನಾ ಅವನೇ ತರಬೇಕು. ಎರವಲು ತಂದ ಸೈಕಲ್ ಪಾನಾ ಆ ಯಂತ್ರದ ನಟ್ಟಿಗೆ ಹಿಡಿಯುವುದಿಲ್ಲ.

ನಿನ್ನೆ ಬಂದು ಕೇಳಿದ: "ನನ್ನ ಪಾನಾ ಒಳಗ ಅದಾವ್ರಿ. ಒಳಗ ಹೋಗಾಕ ಪಾನಾ ತಗೊಂಡು ಬಾ ಅಂತಾರ. ಏನ್ ಮಾಡ್ಲಿ?"

ದಪ್ಪ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ನನಗೆ ನಾಚಿಕೆಯಾಯಿತು. ತಮಗೂ ಸ್ವಲ್ಪ ಆಗಲಿ ಎಂದೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಸೋಮವಾರ ತೂಕಕ್ಕೆ ಹಾಕುವ ಮುಂಚೆ ಆ ಮುಚ್ಚಳ ತೆರೆಸಿ, ರಸೀದಿಯಲ್ಲಿರುವ ಹೆಸರು ಓದಿ, ಪೆಟ್ಟಿಗೆ ಅವನ ಕೈಗೆ ಕೊಡಿಸಿ. ಹದಿನೆಂಟು ವರ್ಷ ತಾನು ನಡೆಸಿದ ಯಂತ್ರವನ್ನು ಬಿಚ್ಚುವಾಗಲಾದರೂ ಅವನ ಕೈಯಲ್ಲಿ ಅವನದೇ ಪಾನಾ ಇರಲಿ.

ಇಂತಿ,
ನಾಲ್ಕು ವರ್ಷದಲ್ಲಿ ಒಂದು ಮುಚ್ಚಳ ತೆರೆಸಲಾಗದ
ವಕೀಲ ಏಕಾಂತಪ್ಪ, ಕೂಡ್ಲಿಗಿ